ಹಿಂಬದಿಯ ತಗಡಿನಲ್ಲಿ ಸ್ಯಾಮ್ ಬ್ಯಾರಿಸ್

‘ಹಿರೋಹಾಟಾ ಮರ್ಕ್’ ಎಂದೇ ಹೆಸರಾದ 1951ರ ಮರ್ಕ್ಯುರಿ ಕಾರನ್ನು ಹಿಂದಿನಿಂದ ನೋಡಬೇಕು. ತಗ್ಗಿಸಿದ ಛಾವಣಿ ಡಿಕ್ಕಿಯ ಕಡೆಗೆ ನಿಧಾನವಾಗಿ ಇಳಿದು ಬರುತ್ತದೆ. ಹಿಂಬದಿಯ ಮಡ್‌ಗಾರ್ಡ್‌ಗೆ ಗಾಳಿಕಂಡಿ ತೆರೆದಿದ್ದಾರೆ. ಅದರ ಬಾಯಲ್ಲಿರುವ ಕ್ರೋಮ್ ಹಲ್ಲುಗಳು 1952ರ ಶೆವರ್ಲೆಯ ಗ್ರಿಲ್‌ನವು. ತುದಿಯ ಕೆಂಪು ದೀಪಗಳು ಅದೇ ವರ್ಷದ ಲಿಂಕನ್‌ನವು. ಪಕ್ಕದಲ್ಲಿ ಬಾಗಿ ಇಳಿಯುವ ಹೊಳಪಿನ ಪಟ್ಟಿ ಬ್ಯೂಕ್‌ನದು. ಇಷ್ಟೊಂದು ಕಾರುಗಳ ಸಾಮಾನು ಒಂದೇ ಮೈಯಲ್ಲಿ ಸೇರಿದ್ದರೂ ಎಲ್ಲಿ ಕತ್ತರಿಸಿದರು, ಎಲ್ಲಿ ಕೂಡಿಸಿದರು ಎಂದು ತೋರಿಸುವ ಒಂದು ಗೆರೆಯೂ ಕಣ್ಣಿಗೆ ಬೀಳದು.

ಆ ಗೆರೆಗಳನ್ನು ಇಲ್ಲವಾಗಿಸಿದವನು ಸ್ಯಾಮ್ ಬ್ಯಾರಿಸ್. ಎರಡನೇ ಮಹಾಯುದ್ಧ ಮುಗಿದು ನೌಕಾಪಡೆಯಿಂದ ಮರಳಿದ ಸ್ಯಾಮ್, ತಮ್ಮ ಜಾರ್ಜ್ ಜೊತೆ ಸೇರಿ ಲಾಸ್ ಏಂಜಲೀಸ್ ಕಡೆ ಗ್ಯಾರೇಜು ನಡೆಸಿದ. ಕ್ಯಾಲಿಫೋರ್ನಿಯಾದ ಹುಡುಗರು ಆಗ ಕಂಪನಿಯಿಂದ ಬಂದ ಕಾರನ್ನು ಕೊಯ್ದು, ತಗ್ಗಿಸಿ, ಉದ್ದ ಮಾಡಿ ತಮ್ಮದಾಗಿಸಿಕೊಳ್ಳುವ ಹುಚ್ಚಿನಲ್ಲಿದ್ದರು. ಗಿರಾಕಿಗಳನ್ನು ಕರೆತರುವುದು, ಫೋಟೊ, ಪ್ರದರ್ಶನ, ಪತ್ರಿಕೆಗಳೆಲ್ಲ ಜಾರ್ಜ್‌ನ ಪಾಲು. ತಗಡು ಮಾತ್ರ ಸ್ಯಾಮ್‌ನದು. ಜಪಾನಿ ಮೂಲದ ಅಮೆರಿಕನ್ ತರುಣ ಬಾಬ್ ಹಿರೋಹಾಟಾನ ಕಾರು ಈ ಗ್ಯಾರೇಜಿನಲ್ಲಿ 1952ರಲ್ಲಿ ಸಿದ್ಧವಾಯಿತು.

ಇಂಥ ಕಾರಿನ ಹಿಂಬದಿ ಕೆಟ್ಟರೆ ಬದಲಿ ಭಾಗ ಎಲ್ಲಿಂದ ತರುವುದು? ಮರ್ಕ್ಯುರಿಯ ಮಡ್‌ಗಾರ್ಡ್ ಹುಡುಕಿದರೆ ಸಿಕ್ಕೀತು. ಸ್ಯಾಮ್ ಬಾಗಿಸಿದ ಮಡ್‌ಗಾರ್ಡ್ ಜಗತ್ತಿನಲ್ಲಿರುವುದು ಒಂದೇ. ಅದನ್ನೇ ಉಳಿಸಿಕೊಂಡು ರಿಪೇರಿ ಮಾಡಬೇಕು.

ಕೆಡುವುದೂ ಹೆಚ್ಚಾಗಿ ಹಿಂಬದಿಯೇ. ಚಕ್ರ ಎರಚಿದ ಕೆಸರು ಮಡ್‌ಗಾರ್ಡಿನ ಕೆಳಗಿನ ಮೂಲೆಯಲ್ಲಿ ಕೂರುತ್ತದೆ. ಡಿಕ್ಕಿ ಬಾಗಿಲ ಸುತ್ತಲಿನ ನೀರುಗಾಲುವೆ ಕಟ್ಟಿಕೊಂಡರೆ ನೀರು ಒಳಗಿಳಿಯುತ್ತದೆ. ತಗಡಿನ ಮೇಲೆ ತಗಡು ಹೊದಿಸಿ ಬೆಸೆದ ಕಡೆ, ನಡುವಿನ ಸಂದಿಯಲ್ಲಿ ತೇವ ನಿಂತು ಒಳಗಿನಿಂದ ತಿನ್ನುತ್ತ ಬರುತ್ತದೆ. ಹೊರಗೆ ಬಣ್ಣದಲ್ಲಿ ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಹಿಂದಿನ ಉಕ್ಕು ಕೈಗೆ ಪುಡಿಯಾಗಿ ಬರುವಷ್ಟು ಹಾಳಾಗಿರುತ್ತದೆ.

ಮೊದಲ ಕೆಲಸ ಬಣ್ಣ ಕೆರೆಯುವುದು. ಕೆಳಗೆ ಬೂದು ಬಣ್ಣದ ಸೀಸ ಕಾಣುತ್ತದೆ. ಆ ಕಾಲದವರು ಬೆಸುಗೆಯ ತಗ್ಗುಗಳನ್ನು ತುಂಬುತ್ತಿದ್ದದ್ದು ಸೀಸದಿಂದ. ಹೀಗೆ ಕಟ್ಟಿದ ಕಾರುಗಳಿಗೆ ‘ಲೆಡ್ ಸ್ಲೆಡ್’ (ಸೀಸದ ಜಾರುಬಂಡಿ) ಎಂಬ ಹೆಸರೇ ಬಿತ್ತು. ಬೆಂಕಿ ಹಿಡಿದು ಹಳೆಯ ಸೀಸವನ್ನು ಪೂರ್ತಿ ಇಳಿಸಿದ ಮೇಲಷ್ಟೇ ವೆಲ್ಡಿಂಗ್. ಚೂರು ಉಳಿದರೂ ಹೊಸ ಬೆಸುಗೆ ತೂತು ಬೀಳುತ್ತದೆ, ವಿಷದ ಹೊಗೆಯೂ ಏಳುತ್ತದೆ. ತುಕ್ಕು ತಿಂದ ಭಾಗವನ್ನು ಗಟ್ಟಿ ಉಕ್ಕು ಸಿಗುವವರೆಗೆ ಕತ್ತರಿಸಿ, ಅದೇ ಬಾಗಿಗೆ ಬಡಿದು ರೂಪಿಸಿದ ತುಂಡನ್ನು ಅಂಚಿಗೆ ಅಂಚು ಕೂಡಿಸಿ ನಿಲ್ಲಿಸುತ್ತಾರೆ. ಒಂದೇ ಸಮನೆ ಗೆರೆ ಎಳೆದಂತೆ ಬೆಸೆದರೆ ತಗಡು ಕಾವಿಗೆ ಸೊಟ್ಟಗಾಗುತ್ತದೆ. ಹಾಗಾಗಿ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ಆರುವಾಗ ಬೆಸುಗೆ ತಗಡನ್ನು ಒಳಕ್ಕೆ ಎಳೆಯುವುದರಿಂದ ಹಿಂದೆ ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದು, ಮುಂದಿನಿಂದ ಸುತ್ತಿಗೆಯಲ್ಲಿ ಬಡಿದು ಅದನ್ನು ಮತ್ತೆ ಹಿಗ್ಗಿಸಬೇಕು. ಬಡಿತ ಹೆಚ್ಚಾದರೆ ತಗಡು ಉಬ್ಬಿ, ಬೆರಳಿನಿಂದ ಒತ್ತಿದಾಗ ಟಕ್ಕೆಂದು ಒಳಹೋಗಿ ಹೊರಬರುವ ಹೊಸ ತಾಪತ್ರಯ ಶುರು.

ಆಮೇಲೆ ಸೀಸ. ನನಗೆ ಈ ಕಸುಬಿನಲ್ಲಿ ಅತ್ಯಂತ ಚೆಂದ ಕಾಣುವುದು ಈ ಹಂತ. ನಮ್ಮ ಊರುಗಳಿಗೆ ಬರುತ್ತಿದ್ದ ಕಲಾಯಿಯವರು ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಮುಟ್ಟಿಸಿ, ಅರಳೆಯಿಂದ ಉಜ್ಜುತ್ತಿದ್ದರಲ್ಲ, ಆರಂಭ ಹೆಚ್ಚುಕಡಿಮೆ ಹಾಗೆಯೇ. ಉಕ್ಕನ್ನು ಬೆಳ್ಳಗೆ ಉಜ್ಜಿ, ಆಮ್ಲ ಹಚ್ಚಿ, ಕಾಯಿಸಿ, ತವರದ ತೆಳು ಪದರ ಹಿಡಿಸುತ್ತಾರೆ. ಅದಿಲ್ಲದೆ ಸೀಸ ಉಕ್ಕಿಗೆ ಅಂಟುವುದಿಲ್ಲ. ಬಳಸುವ ಕಡ್ಡಿಯಲ್ಲಿ ನೂರಕ್ಕೆ 70 ಪಾಲು ಸೀಸ, 30 ಪಾಲು ತವರ. ಈ ಲೆಕ್ಕದ ಹಿಂದೆ ದೊಡ್ಡ ಜಾಣತನವಿದೆ. ತವರ ಶೇ 60ರ ಆಸುಪಾಸಿನಲ್ಲಿರುವ ಮಿಶ್ರಣ ಕರಗಿದ ಕೂಡಲೇ ನೀರಾಗಿ ನೆಲಕ್ಕೆ ಸುರಿಯುತ್ತದೆ. 70–30ರ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗಲು ತೊಡಗಿದರೂ ಪೂರ್ತಿ ನೀರಾಗುವುದು ಸುಮಾರು 255 ಡಿಗ್ರಿಗೆ. ಆ ನಡುವಿನ ಕಾವಿನಲ್ಲಿ ಅದು ಅರೆಗಟ್ಟಿ. ಲಂಬವಾಗಿ ನಿಂತ ಮಡ್‌ಗಾರ್ಡಿನ ಮೇಲೂ ಜಾರದೆ ನಿಲ್ಲುವಷ್ಟು ಗಟ್ಟಿ, ಹೇಳಿದಂತೆ ಕೇಳುವಷ್ಟು ಮೆತ್ತಗೆ.

ಒಂದು ಕೈಯಲ್ಲಿ ಜ್ವಾಲೆ, ಇನ್ನೊಂದರಲ್ಲಿ ಮೇಣ ಸವರಿದ ಮರದ ಚಪ್ಪಟೆ ಹಿಡಿ. ಜ್ವಾಲೆಯನ್ನು ಹತ್ತಿರ ತಂದು, ದೂರ ಸರಿಸಿ, ಮತ್ತೆ ತರುತ್ತ ಸೀಸವನ್ನು ಆ ಹದದಲ್ಲೇ ಉಳಿಸಿಕೊಂಡು ಒತ್ತುತ್ತ ಹೋಗಬೇಕು. ಕಾವು ಕ್ಷಣಕಾಲ ಹೆಚ್ಚಾದರೆ ಅಷ್ಟೂ ಶ್ರಮ ಕಾಲಬುಡಕ್ಕೆ ಬೀಳುತ್ತದೆ. ಆರಿದ ಮೇಲೆ ಬಾಗು ಹಲ್ಲಿನ ಅರದಿಂದ ಉಜ್ಜುತ್ತಾರೆ. ವಿದ್ಯುತ್ ಯಂತ್ರ ಹಾಕುವಂತಿಲ್ಲ, ಸೀಸದ ಧೂಳು ಶ್ವಾಸಕೋಶಕ್ಕೆ ಹೋದರೆ ಅಪಾಯ. ಕೊನೆಗೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಆಮ್ಲದ ಅಂಶ ಹೋಗಲಾಡಿಸಬೇಕು. ಅದನ್ನು ಮರೆತರೆ ಕೆಲ ತಿಂಗಳಲ್ಲಿ ಹೊಸ ಬಣ್ಣದಲ್ಲೂ ಗುಳ್ಳೆ. ಬಣ್ಣದ ಕೆಲಸ ಇನ್ನೊಂದು ಕಥೆ.

1950ರ ದಶಕದ ಮಧ್ಯದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂತು. ಕಲಸು, ಮೆತ್ತು, ತಿಕ್ಕು. ಅಗ್ಗ, ಸುಲಭ, ಸೀಸದ ವಿಷವೂ ಇಲ್ಲ. ಗ್ಯಾರೇಜಿನವರು ಅದಕ್ಕೆ ಒಲಿದದ್ದನ್ನು ತಪ್ಪೆನ್ನಲಾಗದು. ಆದರೆ ಪುಟ್ಟಿ ಕೈಗೆಟುಕಿದ ಮೇಲೆ ತಗಡನ್ನೇ ಸರಿಪಡಿಸುವ ತಾಳ್ಮೆ ಕಡಿಮೆಯಾಯಿತು. ತೂತಿನ ಮೇಲೆ ಬಟ್ಟೆ ಹಾಸಿ ಪುಟ್ಟಿ ಬಳಿದ ಹಳೆಯ ಕಾರುಗಳು ಎಷ್ಟೋ. ಆ ಕಾಲದ ಜಾಗ್ವಾರ್‌ನಂಥ ಬ್ರಿಟಿಷ್ ಕಾರುಗಳ ಜೋಡಣೆಗಳಿಗೂ ಕಾರ್ಖಾನೆಯಲ್ಲೇ ಸೀಸ ತುಂಬುತ್ತಿದ್ದರು. ನಮ್ಮಲ್ಲಿ ಅಂಥ ಕಾರು ಇಟ್ಟುಕೊಂಡವರು ಟಿಂಕರಿಂಗ್‌ಗೆ ಬಿಡುವ ಮುನ್ನ ಬಣ್ಣದಡಿ ಏನಿದೆಯೆಂದು ನೋಡಲಿ, ಕತ್ತರಿಸುವ ಮುನ್ನ ಪ್ರತಿ ಜೋಡಣೆಯ ಫೋಟೊ ತೆಗೆದಿಡಲಿ. ಮೂಲ ಕೆಲಸಗಾರನ ಕೈ ಕಾಣಿಸುವುದು ಆ ಒಂದೇ ಗಳಿಗೆಯಲ್ಲಿ.

ಹಿರೋಹಾಟಾ ಮರ್ಕ್ ಉಳಿದದ್ದು ಒಬ್ಬನ ಹಟದಿಂದ. 1960ರ ಸುಮಾರಿಗೆ ಜಿಮ್ ಮೆಕ್‌ನೀಲ್ ಎಂಬ ಹದಿಹರೆಯದ ಹುಡುಗ ಅದನ್ನು 500 ಡಾಲರಿಗೆ ಕೊಂಡ. ಫ್ಯಾಷನ್ ಹೋದ ಕಾರು, ಯಾರಿಗೂ ಬೇಕಿರಲಿಲ್ಲ. ಅವನು ಮಾರಲಿಲ್ಲ. ದಶಕಗಳ ಕಾಲ ಇಟ್ಟುಕೊಂಡು, 1989ರಲ್ಲಿ ಪತ್ರಕರ್ತ ಪ್ಯಾಟ್ ಗನಾಲ್ ಹುರಿದುಂಬಿಸಿದ ಮೇಲೆ ಜೀರ್ಣೋದ್ಧಾರಕ್ಕೆ ಕೈಹಾಕಿದ. 2017ರಲ್ಲಿ ಕಾರು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಗೆ ಸೇರಿತು.

ತಮ್ಮ ಜಾರ್ಜ್ 1966ರ ಟಿವಿ ಸರಣಿಯ ಬ್ಯಾಟ್‌ಮೊಬೈಲ್ ಕಾರನ್ನು ಕಟ್ಟಿ ಲೋಕಪ್ರಸಿದ್ಧನಾದ. ಸ್ಯಾಮ್ ಅಷ್ಟರಲ್ಲಾಗಲೇ ಆ ಗ್ಯಾರೇಜು ಬಿಟ್ಟು ಊರ ಕಡೆ ಹೋಗಿದ್ದ. 1967ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನು ತಿದ್ದಿದ ತಗಡಿನ ಆ ಕಾರು 2022ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ 21.45 ಲಕ್ಷ ಡಾಲರಿಗೆ ಹೋಯಿತು. ಅದರಲ್ಲಿ ಒಂದು ಸಣ್ಣ ಪಾಲಾದರೂ ಯಾವುದೋ ಗ್ಯಾರೇಜಿನ ಹುಡುಗನೊಬ್ಬ ಸೀಸದ ಹದ ಕಲಿಯಲು ಮೀಸಲಾಗಿದ್ದರೆ ಎಂದು ಆಸೆಯಾಗುತ್ತದೆ.