ಮನೆ ಬಾಗಿಲಿನಿಂದ ಶಾಲೆ ಬಾಗಿಲಿಗೆ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದ ಸ್ವಲ್ಪ ಹೊತ್ತಿಗೆ ದೊಡ್ಡಮಳೂರು ಸಿಗುತ್ತದೆ. ಅಪ್ರಮೇಯಸ್ವಾಮಿಯ ಊರು. ಆದರೆ ದೂರದಿಂದ ಬರುವವರಲ್ಲಿ ಅನೇಕರು ಹುಡುಕುವುದು ಅದೇ ಗುಡಿಯ ಅಂಬೆಗಾಲು ಕೃಷ್ಣನನ್ನು. ಮಕ್ಕಳಿಲ್ಲದವರು ಹರಕೆ ಹೊತ್ತು ಒಪ್ಪಿಸಿದ ಪುಟ್ಟ ತೊಟ್ಟಿಲುಗಳು ಅಲ್ಲಿ ಕಾಣುತ್ತವೆ. ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ಈ ಕೃಷ್ಣನ ಮುಂದೆಯೇ ಎಂಬುದು ಪ್ರತೀತಿ. ಪ್ರತೀತಿಗೆ ದಾಖಲೆ ಕೇಳುವುದು ಬೇಡ. ಸಂಗೀತ ಕಲಿಯುವ ಮಕ್ಕಳಿಗೂ ದಾಸರಿಗೂ ಇರುವ ನಂಟು ಅದಕ್ಕಿಂತ ಗಟ್ಟಿಯಾದದ್ದು.

ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಪಿಳ್ಳಾರಿ ಗೀತೆಗಳ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ. ಪಾಠ ಶುರುವಾಗುವುದು ಮಾಯಾಮಾಳವಗೌಳ ರಾಗದಲ್ಲಿ. ಇದರಲ್ಲಿ ಒಂದು ಜಾಣ್ಮೆ ಇದೆ. ಸ–ರಿ ನಡುವೆ ಸಣ್ಣ ಹೆಜ್ಜೆ, ರಿ–ಗ ನಡುವೆ ದೊಡ್ಡದು, ಗ–ಮ ಮತ್ತೆ ಸಣ್ಣದು. ಪ–ದ–ನಿ–ಸ ಭಾಗದಲ್ಲೂ ಅಳತೆ ಅದೇ. ಅರ್ಧ ಏಣಿ ಹತ್ತಿದ ಮಗುವಿಗೆ ಉಳಿದರ್ಧ ಹೊಸದಲ್ಲ. ಒಂದೇ ವರಸೆಯನ್ನು ಮೂರು ಕಾಲಗಳಲ್ಲಿ ಹಾಡಿಸಿದಾಗ ತಾಳವೂ ಮೈಗೂಡುತ್ತದೆ. ಪಿಳ್ಳಾರಿ ಗೀತೆಗಳ ಮಲಹರಿಯೂ ಇದೇ ಮೇಳಕ್ಕೆ ಸೇರಿದ ರಾಗ. ಕಲಿತ ಸ್ವರಗಳ ಮೇಲೆಯೇ ಮೊದಲ ಹಾಡು ಬಂದು ಕೂರುತ್ತದೆ. ಆದ್ದರಿಂದ ಶಾಲೆಯಲ್ಲಿ ಸಂಗೀತ ಕಲಿಸಲು ಹೊಸ ಪಠ್ಯಕ್ರಮ ಬೇಕು ಎನ್ನುವವರು ಸ್ವಲ್ಪ ತಡೆದು ಯೋಚಿಸುವುದು ಒಳ್ಳೆಯದು.

ಕೊರತೆ ಇರುವುದು ಬೇರೆ ಕಡೆ. ದಾಸರ ಕಾಲದ ಮಗುವಿಗೆ ಪಾಠಕ್ಕೂ ಮೊದಲು ಕೇಳ್ಮೆ ಇತ್ತು. ತಂಬೂರಿ ಹೆಗಲೇರಿಸಿ, ಕಾಲಿಗೆ ಗೆಜ್ಜೆ ಕಟ್ಟಿದ ಹಾಡುಗಾರ ಮನೆಯ ಬಾಗಿಲಿಗೇ ಬರುತ್ತಿದ್ದ. ಟಿಕೆಟ್ಟಿರಲಿಲ್ಲ, ಮೈಕೂ ಇರಲಿಲ್ಲ. ಮುಂದೆ ಕಛೇರಿ ಪಟ್ಟಣದ ಸಭೆಗಳನ್ನು ಸೇರಿತು. ಹಳ್ಳಿಯ ಮಗುವಿಗೆ ಸಂಗೀತವೆಂದರೆ ಧ್ವನಿವರ್ಧಕದಿಂದ ಬರುವ ಸದ್ದು ಎಂಬಂತಾಯಿತು. ತಂತಿ ಮೀಟುವ ಬೆರಳನ್ನು ಕಾಣದ ಮಗುವಿಗೆ ಆ ತಂತಿಯನ್ನು ಮುಟ್ಟಬೇಕೆಂಬ ಆಸೆ ಹೇಗೆ ಹುಟ್ಟೀತು?

ದೆಹಲಿಯ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಕಿರಣ್ ಸೇಠ್ 1977ರಲ್ಲಿ ಸ್ಪಿಕ್‌ಮೆಕೆ ಆರಂಭಿಸಿದ್ದು ಈ ಆಸೆ ಹುಟ್ಟಿಸಲಿಕ್ಕೇ. ದೊಡ್ಡ ಕಲಾವಿದರೇ ಶಾಲೆ ಕಾಲೇಜುಗಳಿಗೆ ಹೋಗಿ ಹಾಡುತ್ತಾರೆ, ನುಡಿಸುತ್ತಾರೆ, ನಡುನಡುವೆ ವಿವರಿಸುತ್ತಾರೆ. ಆದರೆ ಕಲಾವಿದರು ಹೊರಟುಹೋದ ಮರುದಿನ ಏನು? ಸಂಗೀತದ ಮೇಷ್ಟರು ಎಲ್ಲ ಶಾಲೆಗಳಲ್ಲೂ ಇಲ್ಲ.

ಈ ಪ್ರಶ್ನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಎಂದೋ ಉತ್ತರ ಕೊಟ್ಟಿತ್ತು. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟರು. ಅಲ್ಲಿ ಕೇಳುವುದು, ಕಲಿಯುವುದು ಬೇರೆ ಬೇರೆಯಲ್ಲ. ಪಕ್ಕದಲ್ಲೇ ಹಿರಿಯ ವಿದ್ಯಾರ್ಥಿಯ ಸಾಧನೆ ನಡೆದಿರುತ್ತದೆ. ನಾಟಕದ ಕಂಪನಿಯೂ ಇದ್ದುದರಿಂದ ಕಲಿತದ್ದು ಊರೂರಿನ ಜನರ ಮುಂದೆ ಬಂತು.

ಶಾಸ್ತ್ರೀಯ ಸಂಗೀತವೊಂದೇ ಸಂಗೀತವಲ್ಲ. ಮಳೂರಿನಿಂದ ಬೆಂಗಳೂರಿನ ಕಡೆಗೆ ಅದೇ ರಸ್ತೆಯಲ್ಲಿ ಹೋದರೆ ರಾಮನಗರದ ಬಳಿ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ ಈ ಸಂಸ್ಥೆ 1994ರಲ್ಲಿ ಆರಂಭವಾಯಿತು. ಜನಪದ ಕಲಾವಿದರನ್ನು ಎದುರಿಗೇ ಕಾಣಲು, ಕೇಳಲು ಈ ಸೀಮೆಯ ಮಕ್ಕಳಿಗೆ ಇಷ್ಟು ಹತ್ತಿರದ ಜಾಗ ಮತ್ತೊಂದಿಲ್ಲ.

ಆದರೆ ತಮಟೆಯನ್ನು ಶಾಲೆಗೆ ತರುವುದು ವೀಣೆಯನ್ನು ತಂದಷ್ಟು ಸರಳವಲ್ಲ. ತಲೆತಲಾಂತರದಿಂದ ತಮಟೆ ಬಡಿಯುವುದು ದಲಿತರ ಮೇಲೆ ಹೇರಿದ ಚಾಕರಿಯಾಗಿತ್ತು. ಎಷ್ಟೋ ಕಡೆ ಯುವಕರು ಇನ್ನು ಬಡಿಯುವುದಿಲ್ಲವೆಂದು ಕೆಳಗಿಟ್ಟದ್ದು ಸ್ವಾಭಿಮಾನದ ಮಾತು. ಹೀಗಿರುವಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಕೇರಿಯ ಹುಡುಗರ ಕೈಗಷ್ಟೇ ತಮಟೆ ಕೊಟ್ಟರೆ ಹಳೆಯ ಚಾಕರಿಯೇ ಹೊಸ ವೇಷದಲ್ಲಿ ಬಂದಂತೆ. ತರಗತಿಯ ಎಲ್ಲ ಮಕ್ಕಳೂ ಅದನ್ನು ಕಲಿಯಬೇಕು. ಕಲಿಸುವ ಹಿರಿಯನಿಗೆ ಮೇಷ್ಟರ ಕುರ್ಚಿಯೂ ಸಂಭಾವನೆಯೂ ಸಿಗಬೇಕು.

ಕೊನೆಗೆ ವಾದ್ಯಗಳ ಸಂಗತಿ. ದಾನಿಗಳು ಸಮಾರಂಭ ಮಾಡಿ ವಾದ್ಯ ಕೊಡುತ್ತಾರೆ. ರಿಪೇರಿಗೆ ಕೊಡುವವರು ಅಪರೂಪ. ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಅದು ಸಡಿಲವಾದರೆ ಶ್ರುತಿ ಕೆಡುತ್ತದೆ, ಮತ್ತೆ ಕೂರಿಸಲು ಬಲ್ಲವರೇ ಬೇಕು. ಮೃದಂಗದ ಕರಣೆ ಉದುರುತ್ತದೆ. ತಮಟೆಯ ಚರ್ಮ ಥಂಡಿಗೆ ಸಡಿಲವಾಗಿ, ಬೆಂಕಿಗೆ ಕಾಯಿಸದೆ ನಾದ ಕೊಡುವುದಿಲ್ಲ. ಇವೆಲ್ಲವುಗಳಿಗಿಂತ ಬೇಗ ವಾದ್ಯವನ್ನು ಕೆಡಿಸುವುದು ಬೀರು. ಹಾಳಾದೀತೆಂಬ ಭಯಕ್ಕೆ ಬೀಗ ಹಾಕಿದ ಹಾರ್ಮೋನಿಯಂ ತಿದಿಯೊಳಗೆ ಇಲಿ ಗೂಡು ಕಟ್ಟುತ್ತದೆ. ಶಾಲೆಗೆ ವಾದ್ಯ ಕೊಡುವವರು ಆ ಬೀರುವಿನ ಕೀಲಿಕೈ ಯಾರ ಬಳಿ ಇರುತ್ತದೆಂದು ಮೊದಲೇ ಕೇಳಿಕೊಳ್ಳಬೇಕು.