ಮೈತ್ರೇಯನ ಪೂರ್ವಪಕ್ಷವೂ ಔಷಧಪರೀಕ್ಷೆಯೂ

ಮಧುಮೇಹವು ಒಂದು ಮಂಡಲದೊಳಗೆ ನಿರ್ಮೂಲವಾಗುವುದೆಂದೂ, ಶಸ್ತ್ರಕ್ರಿಯೆಯಿಲ್ಲದೆ ಕಣ್ಣಿನ ಪೊರೆ ಕರಗಿಹೋಗುವುದೆಂದೂ ಸಾರುವ ಪ್ರಕಟನೆಗಳು ಈಗ ವೃತ್ತಪತ್ರಿಕೆಗಳಲ್ಲಿ ಮಾತ್ರವಲ್ಲದೆ ಎಲ್ಲರ ಕೈಯಲ್ಲಿರುವ ದೂರವಾಣಿಯಲ್ಲಿಯೂ ದಿನದಿನವೂ ಬರುತ್ತಿರುವುವು. ಇವುಗಳ ರಚನೆ ಬಹುಮಟ್ಟಿಗೆ ಒಂದೇ ತೆರನಾದುದು. ಮೊದಲು ಒಂದು ಸಂಸ್ಕೃತ ಶ್ಲೋಕಾರ್ಧ, ಅನಂತರ ಗುಣಹೊಂದಿದವರ ಹೇಳಿಕೆ, ಕಡೆಯಲ್ಲಿ ಬೆಲೆ. ಆ ಶ್ಲೋಕಾರ್ಧವು ಯಾವ ಗ್ರಂಥದ್ದು, ಅದರ ಅರ್ಥವೇನು ಎಂದು ಕೇಳಿಕೊಂಡು ನನ್ನಂಥ ಪಂಡಿತರ ಬಳಿಗೆ ಬರುವವರುಂಟು. ಅರ್ಥವನ್ನು ಹೇಳಿ ಕಳುಹಿಸುವುದು ಸುಲಭ. ಆದರೆ ಶ್ಲೋಕವು ಸಾಧುವಾದುದರಿಂದ ಔಷಧವೂ ಸಾಧುವೆಂದು ಭಾವಿಸಿಕೊಂಡೇ ಅವರು ಹಿಂದಿರುಗುತ್ತಾರೆ. ಭಾಷೆಯನ್ನೂ ಸಾಹಿತ್ಯವನ್ನೂ ಬೋಧಿಸುವ ಉಪಾಧ್ಯಾಯರಿಗೆಲ್ಲ ಈ ಪ್ರಸಂಗವು ಒಂದಿಲ್ಲೊಂದು ದಿನ ಬಂದೇ ಬರುವುದಾದ ಕಾರಣ, ಇಂಥ ಹೇಳಿಕೆಗಳನ್ನು ಯಾವ ಕ್ರಮದಿಂದ ಪರೀಕ್ಷಿಸಬೇಕೆಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಈ ವಿಚಾರಕ್ಕೆ ದೂರ ಹೋಗಬೇಕಾದುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹತ್ತನೆಯದಾದ ಮಹಾಚತುಷ್ಪಾದಾಧ್ಯಾಯವನ್ನು ತೆರೆದು ನೋಡಿದರೆ ಸಾಕು. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳು ಗುಣಯುಕ್ತವಾಗಿದ್ದರೆ ಆರೋಗ್ಯವುಂಟಾಗುವುದೆಂದು ಆತ್ರೇಯನು ಹೇಳಿದ ಕೂಡಲೆ ಮೈತ್ರೇಯನು ಎದ್ದು ಅದನ್ನು ಅಲ್ಲಗಳೆಯುತ್ತಾನೆ. ಅವನ ವಾದದ ಸಾರವಿಷ್ಟು. ನಾಲ್ಕು ಪಾದಗಳೂ ಸರಿಯಾಗಿರುವ ರೋಗಿಗಳಲ್ಲಿ ಕೆಲವರು ಏಳುತ್ತಾರೆ, ಕೆಲವರು ಸಾಯುತ್ತಾರೆ. ಯಾವ ಚಿಕಿತ್ಸೆಯೂ ಇಲ್ಲದವರಲ್ಲಿಯೂ ಕೆಲವರು ಏಳುತ್ತಾರೆ, ಕೆಲವರು ಸಾಯುತ್ತಾರೆ. ಹೀಗಿರುವಲ್ಲಿ ಔಷಧಕ್ಕೂ ಔಷಧವಿಲ್ಲದಿರುವುದಕ್ಕೂ ಭೇದವೆಲ್ಲಿಯದು?

ಇದನ್ನು ನಾಸ್ತಿಕನ ಕುಚೋದ್ಯವೆಂದು ತಳ್ಳಿಬಿಡಲಾಗದು. ಮೈತ್ರೇಯನು ಮಾಡಿರುವ ವಿಭಾಗವು ನಾಲ್ಕು ಮನೆಗಳ ಒಂದು ಚೌಕ: ಔಷಧಸೇವನೆಮಾಡಿ ಬದುಕಿದವರು, ಸೇವಿಸಿ ಸತ್ತವರು, ಸೇವಿಸದೆ ಬದುಕಿದವರು, ಸೇವಿಸದೆ ಸತ್ತವರು. ಇಂದಿನ ವೈದ್ಯಪರೀಕ್ಷಕರು ಕಾಗದದ ಮೇಲೆ ಗೆರೆಯೆಳೆದು ತುಂಬುವ ಲೆಕ್ಕವೂ ಇದೇ. ಪ್ರಕಟನೆಗಳಲ್ಲಿ ನಾವು ಕಾಣುವುದಾದರೋ ಮೊದಲನೆಯ ಮನೆಯೊಂದನ್ನೇ. ಎರಡನೆಯ ಮನೆಯವರು ಪತ್ರ ಬರೆಯಲಾರರು. ಮೂರನೆಯ ಮನೆಯವರನ್ನು ಯಾರೂ ಕೇಳುವುದಿಲ್ಲ.

ಆತ್ರೇಯನ ಸಮಾಧಾನವು ಹೀಗಿದೆ: ಚಿಕಿತ್ಸೆಯಿಂದ ಸಾಧ್ಯವಾದ ರೋಗಗಳು ಚಿಕಿತ್ಸೆಯಿಲ್ಲದೆ ಹೋಗವು, ತಾನಾಗಿಯೇ ಏಳಬಲ್ಲ ರೋಗಿಗೂ ಚಿಕಿತ್ಸೆಯಿಂದ ವಿಶೇಷವುಂಟು, ಕೆಳಗೆ ಬಿದ್ದವನನ್ನು ಮತ್ತೊಬ್ಬನು ಕೈಹಿಡಿದೆತ್ತಿದರೆ ಅವನು ಬೇಗನೆಯೂ ಕ್ಲೇಶವಿಲ್ಲದೆಯೂ ಏಳುವಂತೆ, ಅಸಾಧ್ಯವಾದುದಕ್ಕೆ ಔಷಧವೇ ಇಲ್ಲ. ಈ ಉತ್ತರವು ಯುಕ್ತವಾದುದೇ. ಆದರೂ ಇದು ದೃಷ್ಟಾಂತದಿಂದ ಹೇಳಿದ ಉತ್ತರವಲ್ಲದೆ, ಒಂದೊಂದು ಮನೆಯಲ್ಲಿ ಎಷ್ಟೆಷ್ಟು ಮಂದಿ ಎಂದು ಎಣಿಸಿ ಹೇಳಿದುದಲ್ಲ. ಇಂಥ ರೋಗದಲ್ಲಿ ಇಂಥ ಔಷಧವು ಕೈಹಿಡಿದೆತ್ತಿತೋ, ಅಥವಾ ತಾನಾಗಿ ಎದ್ದವನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಿತೋ ಎಂಬುದು ದೃಷ್ಟಾಂತದಿಂದ ತಿಳಿಯುವುದಿಲ್ಲ. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾರ್ಯಕಾರಣಭಾವವನ್ನು ಕಲ್ಪಿಸಬಾರದೆಂದು ಕಾಕತಾಲೀಯನ್ಯಾಯವನ್ನು ಓದಿದವರೆಲ್ಲ ಬಲ್ಲರು. ಆದರೆ ಕಾಗೆ ಕೂರದಿದ್ದಾಗ ಎಷ್ಟು ಹಣ್ಣು ಬಿದ್ದುವು ಎಂಬುದನ್ನು ನೋಡಿದಲ್ಲದೆ ಆ ನ್ಯಾಯವನ್ನು ಪ್ರಯೋಗಿಸುವ ಬಗೆಯಿಲ್ಲ. ತರ್ಕದ ಮಾತಿನಲ್ಲಿ ಹೇಳುವುದಾದರೆ, ಅನ್ವಯವೊಂದೇ ಸಾಲದು, ವ್ಯತಿರೇಕವೂ ಬೇಕು.

ವ್ಯತಿರೇಕವನ್ನು ಎಣಿಸಿದ ಒಂದು ಉದಾಹರಣೆ ನಮ್ಮ ನಾಡಿನಲ್ಲಿಯೇ ದೊರೆಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ೧೯೬೧ರಿಂದ ೧೯೬೮ರ ವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕ್ಷಯರೋಗಿಗಳನ್ನು ಗುರುತಿಸಿ, ಮತ್ತೆ ಮತ್ತೆ ಪರೀಕ್ಷಿಸಿದರು. ವ್ಯವಸ್ಥಿತವಾದ ಕ್ಷಯಚಿಕಿತ್ಸೆಯ ಏರ್ಪಾಡು ಆಗ ಆ ಹಳ್ಳಿಗಳಲ್ಲಿರಲಿಲ್ಲ. ಕಫದಲ್ಲಿ ರೋಗಾಣು ಕಂಡುಬಂದಿದ್ದವರಲ್ಲಿ ಐದು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಜನರು ಸತ್ತಿದ್ದರು. ಸುಮಾರು ಮೂರರಲ್ಲೊಂದು ಭಾಗದವರ ಕಫದಲ್ಲಿ ರೋಗಾಣುವು ಇಲ್ಲವಾಗಿದ್ದಿತು. ಉಳಿದವರು ರೋಗವನ್ನು ಹೊತ್ತುಕೊಂಡೇ ಬದುಕಿದ್ದರು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಹಳ್ಳಿಗಳಲ್ಲಿ ಯಾವನೋ ಒಬ್ಬನು ಒಲೆಯ ಬೂದಿಯನ್ನು ಭಸ್ಮವೆಂದು ಹೆಸರಿಟ್ಟು ಎಲ್ಲ ರೋಗಿಗಳಿಗೂ ಮಾರಿದ್ದನೆಂದು ಊಹಿಸೋಣ. ನೂರು ಮಂದಿಗೆ ಮಾರಿದ್ದರೆ ಮೂವತ್ತಕ್ಕೆ ಕಡಮೆಯಿಲ್ಲದಷ್ಟು ಮಂದಿ ಗುಣಹೊಂದಿದ ಸಾಕ್ಷಿಗಳು ಅವನಿಗೆ ದೊರೆಯುತ್ತಿದ್ದರು. ಅವರಲ್ಲಿ ಒಬ್ಬರೂ ಸುಳ್ಳುಗಾರರಲ್ಲ. ಪ್ರತಿಯೊಬ್ಬರೂ ತಾವು ಕಂಡುದನ್ನೇ ಹೇಳುವವರು. ಸತ್ತ ಐವತ್ತು ಮಂದಿಯ ಮಾತು ಮಾತ್ರ ಆ ಸಾಕ್ಷಿಪತ್ರಗಳ ಕಟ್ಟಿನಲ್ಲಿ ಸೇರುತ್ತಿರಲಿಲ್ಲ.

ಇದೇ ರೋಗಕ್ಕೆ ನಿಜವಾದ ಔಷಧದ ಪರೀಕ್ಷೆ ಹೇಗೆ ನಡೆಯಿತೆಂಬುದನ್ನೂ ಹೋಲಿಸಬಹುದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ೧೯೪೮ರಲ್ಲಿ ಪ್ರಕಟಿಸಿದ ವರದಿಯಂತೆ, ೫೫ ಮಂದಿ ಕ್ಷಯರೋಗಿಗಳಿಗೆ ವಿಶ್ರಾಂತಿಯೊಡನೆ ಸ್ಟ್ರೆಪ್ಟೊಮೈಸಿನ್ ಕೊಡಲಾಯಿತು. ೫೨ ಮಂದಿಗೆ ವಿಶ್ರಾಂತಿ ಮಾತ್ರ. ಯಾರು ಯಾವ ಪಂಗಡಕ್ಕೆ ಸೇರಬೇಕೆಂಬುದನ್ನು ವೈದ್ಯನ ಇಷ್ಟಕ್ಕೆ ಬಿಡದೆ, ಯಾದೃಚ್ಛಿಕವಾಗಿ ನಿರ್ಣಯಿಸಿ ಮುಚ್ಚಿದ ಲಕೋಟೆಗಳಲ್ಲಿ ಇರಿಸಿದ್ದರು. ಆರು ತಿಂಗಳಲ್ಲಿ ಮೊದಲನೆಯ ಪಂಗಡದಲ್ಲಿ ೪ ಮಂದಿಯೂ ಎರಡನೆಯದರಲ್ಲಿ ೧೪ ಮಂದಿಯೂ ಸತ್ತರು. ಮೈತ್ರೇಯನು ಕೇಳಿದ ಭೇದವು ಇದು.

ಔಷಧದ ವಿಷಯದಲ್ಲಿ ಮನಸ್ಸಿನ ಭಾವನೆಯೂ ರೋಗಿಯ ದೇಹದಲ್ಲಿ ಕಾರ್ಯವನ್ನುಂಟುಮಾಡುವುದರಿಂದ ವ್ಯತಿರೇಕವು ಇನ್ನೂ ಸೂಕ್ಷ್ಮವಾಗಿರಬೇಕಾಗುತ್ತದೆ. ಇದನ್ನು ಸ್ಪಷ್ಟಪಡಿಸಿದ ಪ್ರಸಂಗವು ೧೭೮೪ರಲ್ಲಿ ಪ್ಯಾರಿಸಿನಲ್ಲಿ ನಡೆಯಿತು. ವಿಯೆನ್ನಾ ನಗರದಿಂದ ೧೭೭೮ರಲ್ಲಿ ಅಲ್ಲಿಗೆ ಬಂದ ಮೆಸ್ಮರ್ ಎಂಬ ವೈದ್ಯನು, ವಿಶ್ವವನ್ನೆಲ್ಲ ವ್ಯಾಪಿಸಿರುವ ಒಂದು ಸೂಕ್ಷ್ಮದ್ರವವನ್ನು ತಾನು ರೋಗಿಗಳ ದೇಹದಲ್ಲಿ ಹರಿಯಿಸಬಲ್ಲೆನೆಂದು ಹೇಳಿ ಬಹಳ ಪ್ರಸಿದ್ಧನಾದನು. ರೋಗಿಗಳು ಒಂದು ಮರದ ತೊಟ್ಟಿಯ ಸುತ್ತಲೂ ಕುಳಿತು, ಅದರಿಂದ ಹೊರಬಂದ ಕಬ್ಬಿಣದ ಸಲಾಕೆಗಳನ್ನು ಮೈಗೆ ತಗಲಿಸಿಕೊಳ್ಳುತ್ತಿದ್ದರು. ಕೆಲವರಿಗೆ ಸೆಳವು ಬರುತ್ತಿದ್ದಿತು, ಅನಂತರ ಹಾಯೆನಿಸುತ್ತಿದ್ದಿತು. ಹದಿನಾರನೆಯ ಲೂಯಿಯು ನೇಮಿಸಿದ ಪರೀಕ್ಷಕಮಂಡಲಿಯಲ್ಲಿ ಫ್ರಾಂಕ್ಲಿನ್, ಲವಾಸಿಯೆ ಮೊದಲಾದ ವಿದ್ವಾಂಸರಿದ್ದರು. ಮೆಸ್ಮರನ ಶಿಷ್ಯನಾದ ದೆಲೋನ್ ಎಂಬವನು ಪರೀಕ್ಷೆಗೆ ಒಪ್ಪಿದನು.

ಪಾಸಿಯಲ್ಲಿದ್ದ ಫ್ರಾಂಕ್ಲಿನ್ನನ ಮನೆಯ ತೋಟದಲ್ಲಿ ದೆಲೋನನು ಒಂದು ಜರದಾಳು ಮರಕ್ಕೆ ದ್ರವವನ್ನು ಹರಿಯಿಸಿದನು. ಅವನೇ ಆರಿಸಿ ಕರೆತಂದಿದ್ದ ಹನ್ನೆರಡು ವರ್ಷದ ಹುಡುಗನನ್ನು ಕಣ್ಣು ಕಟ್ಟಿ ಒಂದಾದಮೇಲೊಂದು ಮರದ ಬಳಿಗೆ ನಡೆಸಿದರು. ಮೊದಲನೆಯ ಮರದಲ್ಲಿಯೇ ಅವನು ಬೆವತು ಕೆಮ್ಮಿದನು. ನಾಲ್ಕನೆಯದರಲ್ಲಿ ಮೂರ್ಛೆಹೋದನು. ಆ ನಾಲ್ಕರಲ್ಲಿ ಒಂದೂ ದೆಲೋನನು ಮುಟ್ಟಿದ ಮರವಲ್ಲ. ಮೂರ್ಛೆಹೋದ ಸ್ಥಳದಿಂದ ಅದು ಇಪ್ಪತ್ತು ಅಡಿಗೂ ಹೆಚ್ಚು ದೂರವಿದ್ದಿತು. ಇನ್ನೊಂದು ಪ್ರಯೋಗದಲ್ಲಿ ಒಬ್ಬ ಸ್ತ್ರೀಗೆ ದ್ರವವಿಲ್ಲದ ನೀರನ್ನು ಬಟ್ಟಲುಬಟ್ಟಲಾಗಿ ಕೊಡಲು, ನಾಲ್ಕನೆಯ ಬಟ್ಟಲಿಗೆ ಸೆಳವು ಬಂದಿತು. ಆಮೇಲೆ ಆಕೆ ಕುಡಿಯಲು ಕೇಳಿದಾಗ ದ್ರವ ತುಂಬಿದ ಬಟ್ಟಲನ್ನೇ ಕೊಟ್ಟರು. ಅದನ್ನು ಆಕೆ ನೆಮ್ಮದಿಯಾಗಿ ಕುಡಿದಳು.

ತೋಟದಲ್ಲಿರುವ ಎಲ್ಲ ಮರಗಳಲ್ಲಿಯೂ ಆ ದ್ರವವು ಸ್ವಭಾವತಃ ಇರುವುದೆಂದು ದೆಲೋನನು ಸಮರ್ಥಿಸಿಕೊಂಡನು. ಹಾಗಾದರೆ ಇಂಥ ರೋಗಿಗಳು ತೋಟಕ್ಕೆ ಕಾಲಿಟ್ಟಾಗಲೆಲ್ಲ ಸೆಳವು ಬರಬೇಕಾಗಿದ್ದಿತಲ್ಲವೆ ಎಂದು ಪರೀಕ್ಷಕರು ಉತ್ತರಿಸಿದರು. ಹೇಳಿದ ಹೇತು ಮುರಿದ ಮೇಲೆ ಅದಕ್ಕೆ ಹೊಸ ವಿಶೇಷಣವನ್ನು ಸೇರಿಸುವುದಕ್ಕೆ ನಮ್ಮ ನೈಯಾಯಿಕರು ಹೇತ್ವಂತರವೆಂದು ಹೆಸರಿಟ್ಟು ನಿಗ್ರಹಸ್ಥಾನಗಳಲ್ಲಿ ಗಣಿಸಿದ್ದಾರೆ. ಪ್ಯಾರಿಸಿನ ಮಂಡಲಿಯವರು ಗೌತಮಸೂತ್ರಗಳನ್ನು ಓದಿದವರಲ್ಲ; ಆದರೂ ವಾದವು ಮುಗಿದ ಸ್ಥಳವನ್ನು ಸರಿಯಾಗಿಯೇ ಕಂಡುಕೊಂಡರು. ದ್ರವವಿಲ್ಲದೆ ಭಾವನೆಯೊಂದೇ ಸೆಳವನ್ನುಂಟುಮಾಡುವುದೆಂದೂ, ಭಾವನೆಯಿಲ್ಲದೆ ದ್ರವವು ಏನನ್ನೂ ಮಾಡದೆಂದೂ ಅವರ ನಿರ್ಣಯ. ಹದಿನೈದು ವರ್ಷಗಳ ಮೇಲೆ, ೧೭೯೯ರಲ್ಲಿ, ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಹೇಗಾರ್ತ್ ಎಂಬ ವೈದ್ಯನು, ನೋವನ್ನೆಳೆಯುವುವೆಂದು ಮಾರಾಟವಾಗುತ್ತಿದ್ದ ಲೋಹದ ಕಡ್ಡಿಗಳಿಗೆ ಪ್ರತಿಯಾಗಿ ಬಣ್ಣ ಬಳಿದ ಮರದ ಕಡ್ಡಿಗಳನ್ನು ಪ್ರಯೋಗಿಸಿದನು. ಐವರಲ್ಲಿ ನಾಲ್ವರಿಗೆ ನೋವು ಕಡಮೆಯಾಯಿತು.

ಈಗ ನಮ್ಮವರು ಸಾಮಾನ್ಯವಾಗಿ ಎತ್ತುವ ಒಂದು ಆಕ್ಷೇಪವನ್ನು ನೋಡಬೇಕಾಗಿದೆ. ಶಾಸ್ತ್ರವು ಆಪ್ತವಾಕ್ಯ; ಅದನ್ನು ಪರೀಕ್ಷೆಗೆ ಗುರಿಮಾಡುವುದು ಅವಿನಯವಲ್ಲವೆ ಎಂಬುದೇ ಅದು. ಹೀಗೆ ಕೇಳುವವರು ನ್ಯಾಯಶಾಸ್ತ್ರವನ್ನು ತಲೆಕೆಳಗಾಗಿ ಹಿಡಿದಿದ್ದಾರೆಂದು ನನ್ನ ಅಭಿಪ್ರಾಯ. ನ್ಯಾಯಸೂತ್ರದ ಎರಡನೆಯ ಅಧ್ಯಾಯದ ಮೊದಲನೆಯ ಆಹ್ನಿಕದಲ್ಲಿ ವೇದದ ಪ್ರಾಮಾಣ್ಯವನ್ನು ಸಾಧಿಸುವುದಕ್ಕೆ ಆಯುರ್ವೇದವನ್ನು ದೃಷ್ಟಾಂತವಾಗಿ ತೆಗೆದುಕೊಂಡಿದೆಯೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ದೃಷ್ಟಾಂತವು ಲೌಕಿಕರಿಗೂ ಪರೀಕ್ಷಕರಿಗೂ ಸಮಾನವಾಗಿ ಒಪ್ಪಿಗೆಯಾಗಿರತಕ್ಕದ್ದು. ಆಯುರ್ವೇದವು ಹಾಗೆ ಒಪ್ಪಿಗೆಯಾದುದು ಏಕೆ? ಅದು ಹೇಳಿದಂತೆ ಮಾಡಿದರೆ ಇಷ್ಟಫಲವು ಕಣ್ಣಿಗೆ ಕಾಣುವುದೆಂಬ ಕಾರಣದಿಂದ. ಫಲದರ್ಶನದಿಂದ ಪ್ರಾಮಾಣ್ಯವನ್ನು ಪಡೆದ ಶಾಸ್ತ್ರದಲ್ಲಿ ಫಲವನ್ನು ನೋಡಬಾರದೆಂದರೆ ದೃಷ್ಟಾಂತವೇ ಬಿದ್ದುಹೋಗುವುದು. ಇನ್ನು ಆಪ್ತಲಕ್ಷಣವನ್ನು ಹೇಳುವಾಗ ವಾತ್ಸ್ಯಾಯನನು, ವಸ್ತುವನ್ನು ಸಾಕ್ಷಾತ್ಕರಿಸಿಕೊಂಡು, ಕಂಡಂತೆ ಹೇಳಬೇಕೆಂಬ ಇಚ್ಛೆಯಿಂದ ಹೇಳುವವನೇ ಆಪ್ತನೆಂದೂ, ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಈ ಲಕ್ಷಣವು ಸಮಾನವೆಂದೂ ಭಾಷ್ಯದಲ್ಲಿ ವಿವರಿಸಿದ್ದಾನೆ. ಔಷಧವು ಎಲ್ಲಿಯದೆಂಬುದು ಇಲ್ಲಿ ಅಪ್ರಸ್ತುತ. ಪರದೇಶದ ಮಾತ್ರೆಯನ್ನು ಮಾರುವವನಿಗೂ ಇದೇ ಅಳತೆ.

ಚರಕನ ಕಾಲದಲ್ಲಿಯೂ ಈ ಬಗೆಯ ವ್ಯಾಪಾರಿಗಳಿದ್ದರೆಂಬುದು ಸೂತ್ರಸ್ಥಾನದ ಇಪ್ಪತ್ತೊಂಬತ್ತನೆಯ ಅಧ್ಯಾಯದಿಂದ ತಿಳಿದುಬರುತ್ತದೆ. ಪ್ರಾಣವನ್ನು ಕಾಯುವ ವೈದ್ಯರನ್ನು ಪ್ರಾಣಾಭಿಸರರೆಂದು ಕರೆದು, ವೈದ್ಯವೇಷವನ್ನು ಮಾತ್ರ ಧರಿಸಿದವರನ್ನು ಆತನು ರೋಗಾಭಿಸರರೆಂದು ಕರೆಯುತ್ತಾನೆ. ಇವರು ಬೀದಿಬೀದಿಯಲ್ಲಿ ತಮ್ಮನ್ನು ಹೊಗಳಿಕೊಂಡು ತಿರುಗುತ್ತಾರೆ. ಯಾರಿಗಾದರೂ ಕಾಯಿಲೆಯೆಂದು ಕಿವಿಗೆ ಬಿದ್ದರೆ ಸುತ್ತಲೂ ಬಂದು ಮುತ್ತುತ್ತಾರೆ. ಈಗಾಗಲೆ ಚಿಕಿತ್ಸೆಮಾಡುತ್ತಿರುವ ವೈದ್ಯನ ದೋಷಗಳನ್ನು ಪದೇಪದೇ ಎತ್ತಿಹೇಳುತ್ತಾರೆ. ತಮಗೆ ದ್ರವ್ಯಾಶೆ ಅಲ್ಪವೆಂದು ಪ್ರಚಾರಮಾಡಿಕೊಳ್ಳುತ್ತಾರೆ. ರೋಗವು ಇಳಿಯದಿದ್ದರೆ ರೋಗಿಯದೇ ತಪ್ಪು, ಅವನಿಗೆ ಸಂಯಮವಿಲ್ಲ, ನೋಡಿಕೊಳ್ಳುವವರಿಲ್ಲ ಎನ್ನುತ್ತಾರೆ. ಅಂತ್ಯಕಾಲ ಬಂದಿತೆಂದು ಕಂಡರೆ ನೆಪ ಹೇಳಿ ಬೇರೆ ಊರಿಗೆ ನಡೆಯುತ್ತಾರೆ. ಸಾಹಿತ್ಯೋಪಾಧ್ಯಾಯರು ವಿಶೇಷವಾಗಿ ಗಮನಿಸಬೇಕಾದ ಲಕ್ಷಣವೊಂದು ಇದರಲ್ಲಿಯೇ ಇದೆ. ತಮಗೆ ಬಂದ ಸೂತ್ರದ ತುಂಡೊಂದನ್ನು ಪ್ರಕೃತವಿರಲಿ ಇಲ್ಲದಿರಲಿ ಎಲ್ಲೆಲ್ಲಿಯೂ ಉದಾಹರಿಸುತ್ತಿರುವುದು ಇವರ ಸ್ವಭಾವವಂತೆ. ಯಾರಾದರೂ ಪ್ರಶ್ನೆ ಕೇಳಿದರೆ ಮಾತ್ರ ಮೃತ್ಯುವಿಗೆ ಹೆದರುವಂತೆ ಹೆದರುವರಂತೆ. ಮೊದಲಲ್ಲಿ ಹೇಳಿದ ಶ್ಲೋಕಾರ್ಧದ ಪ್ರಕಟನೆಗಳಿಗೆ ಇದಕ್ಕಿಂತ ಹಳೆಯ ವ್ಯಾಖ್ಯಾನವನ್ನು ನಾನು ಕಾಣೆನು.

ರಾಜಶಾಸನವೂ ಇದೆ. ೧೯೫೪ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಅನುಸೂಚಿಯಲ್ಲಿ ೫೪ ರೋಗಗಳನ್ನೂ ಅವಸ್ಥೆಗಳನ್ನೂ ಹೆಸರಿಸಿ, ಅವುಗಳನ್ನು ವಾಸಿಮಾಡುವೆವೆಂಬ ಜಾಹೀರಾತನ್ನು ನಿಷೇಧಿಸಿದೆ. ಮಧುಮೇಹವೂ ಕಣ್ಣಿನ ಪೊರೆಯೂ ಆ ಪಟ್ಟಿಯಲ್ಲಿಯೇ ಇವೆ. ಆದರೂ ಪ್ರಕಟನೆಗಳು ನಿಂತಿಲ್ಲವಾದುದರಿಂದ, ಶ್ಲೋಕವನ್ನು ಹಿಡಿದುಕೊಂಡು ಬಂದವರಿಗೆ ನಾನು ಈಗ ಅರ್ಥದೊಡನೆ ಅದರ ಹಿಂದುಮುಂದಿನ ಶ್ಲೋಕಗಳನ್ನೂ ತೋರಿಸಿ, ಆ ಸ್ಥಳದಲ್ಲಿ ಯಾವ ರೋಗದ, ಯಾವ ಅವಸ್ಥೆಯ, ಯಾವ ದ್ರವ್ಯದ ಪ್ರಸ್ತಾವವಿದೆಯೆಂಬುದನ್ನು ಓದಿಸುತ್ತಿದ್ದೇನೆ. ಆಮೇಲೆ, ಈ ಔಷಧವನ್ನು ತೆಗೆದುಕೊಂಡವರು ಒಟ್ಟು ಎಷ್ಟು ಮಂದಿ, ತೆಗೆದುಕೊಳ್ಳದವರು ಎಷ್ಟು ಮಂದಿ, ಅವರಲ್ಲಿ ಉಳಿದವರೆಷ್ಟು ಎಂದು ಮಾರುವವರನ್ನೇ ಕಾಗದ ಬರೆದು ಕೇಳುವಂತೆ ಹೇಳುತ್ತೇನೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ.