ಕಾವಲುಗಾರರ ಬೆನ್ನ ಹಿಂದೆ ನಿಂತು

ಪಾಂಡವಪುರದ ಕಡೆಯ ಅಜ್ಜಿಯೊಬ್ಬರು ಆಲೆಮನೆಯ ಬೆಲ್ಲವನ್ನು ಚೀಲದಲ್ಲಿ ಕಟ್ಟಿಕೊಂಡು ದೆಹಲಿಯ ಮಗಳ ಮನೆಗೆ ವಿಮಾನದಲ್ಲಿ ಹೊರಟರೆನ್ನಿ. ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ತಪಾಸಣಾ ಯಂತ್ರದೊಳಗೆ ಆ ಚೀಲ ಹಾದುಹೋಗುವಾಗ ಪರದೆಯ ಮೇಲೆ ಕಿತ್ತಳೆ ಬಣ್ಣದ ದಪ್ಪನೆಯ ಗಟ್ಟಿಯೊಂದು ಮೂಡುತ್ತದೆ. ಸ್ಫೋಟಕಗಳಲ್ಲಿ ಬಹುಪಾಲು ಕಾಣುವುದೂ ಇದೇ ಬಣ್ಣದಲ್ಲಿ. ಚೀಲವನ್ನು ಬಿಡುವುದೋ, ತೆರೆದು ನೋಡುವುದೋ? ಪರದೆಯ ಮುಂದೆ ಕುಳಿತವರು ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು.

ವಿಮಾನಯಾನ ನಿರ್ವಹಣೆಯಂಥ ಪದವಿ ಓದುವ ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ಹತ್ತಿರದಿಂದ ನೋಡುವ ಅವಕಾಶ ಇಂಟರ್ನ್‌ಶಿಪ್ ಮೂಲಕ ಸಿಗುವುದುಂಟು. ಭದ್ರತಾ ಸಿಬ್ಬಂದಿಯ ಹಿಂದೆ ನೆರಳಿನಂತೆ ಓಡಾಡಿ ಕಲಿಯುವ ಕ್ರಮ ಇದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಲವು ಮನೆಗಳಲ್ಲಿ ಸೆಕ್ಯುರಿಟಿ ಎಂದರೆ ಬಂದೂಕು ಹಿಡಿದು ಬಾಗಿಲಲ್ಲಿ ನಿಲ್ಲುವುದು ಎಂದೇ ಭಾವನೆ. ಓದಿದ ಮಕ್ಕಳಿಗೆ ಅಲ್ಲೇನು ಕೆಲಸ ಎಂದು ಕೇಳುವ ಪಾಲಕರೂ ಇದ್ದಾರೆ. ಆದರೆ ಆ ಬಾಗಿಲಲ್ಲಿರುವ ಯಂತ್ರಗಳನ್ನು ಗಮನಿಸಿದರೆ ಪಿ.ಯು.ಸಿ. ಭೌತವಿಜ್ಞಾನದ ಪುಸ್ತಕವೇ ಎದ್ದು ನಿಂತಂತೆ ತೋರುತ್ತದೆ.

ಪ್ರಯಾಣಿಕರು ಹಾದುಹೋಗುವ ಲೋಹಶೋಧಕ ಚೌಕಟ್ಟನ್ನೇ ತೆಗೆದುಕೊಳ್ಳಿ. ಅದರೊಳಗಿನ ತಂತಿ ಸುರುಳಿಗಳಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ವಿದ್ಯುತ್ತು ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಬೆಲ್ಟಿನ ಬಕಲ್ಲು ನಡುವೆ ಬಂದಾಗ ಆ ಲೋಹದಲ್ಲಿ ಸುಳಿ ಪ್ರವಾಹಗಳು ಹುಟ್ಟಿ, ಅವು ತಮ್ಮದೇ ಕಾಂತಕ್ಷೇತ್ರವನ್ನು ಎದುರು ಒಡ್ಡುತ್ತವೆ. ಯಂತ್ರ ಅದನ್ನು ಗುರುತಿಸಿ ಕೂಗುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ. ಅಯಸ್ಕಾಂತಕ್ಕೆ ಅಂಟದ ಚಿನ್ನ, ಅಲ್ಯೂಮಿನಿಯಂ ಕಂಡರೂ ಅದು ಏಕೆ ಕೂಗುತ್ತದೆ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ.

ಚೀಲ ನೋಡುವ ಯಂತ್ರದಲ್ಲಿರುವುದು 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಎಕ್ಸ್-ಕಿರಣ. ಆಸ್ಪತ್ರೆಯ ಎಕ್ಸ್-ರೇ ಕಪ್ಪು ಬಿಳುಪಾಗಿದ್ದರೆ ಇಲ್ಲಿ ಬಣ್ಣ ಹೇಗೆ ಬಂತು? ಎರಡು ಬೇರೆ ಬೇರೆ ಶಕ್ತಿಯ ಕಿರಣಗಳನ್ನು ವಸ್ತು ಎಷ್ಟೆಷ್ಟು ಹೀರಿಕೊಂಡಿತು ಎಂದು ಹೋಲಿಸಿ ಕಂಪ್ಯೂಟರ್ ಬಣ್ಣ ಹಚ್ಚುತ್ತದೆ. ಇಂಗಾಲ, ಜಲಜನಕ, ಆಮ್ಲಜನಕದಂಥ ಹಗುರ ಧಾತುಗಳಿಂದಾದ ವಸ್ತುಗಳು ಕಿತ್ತಳೆ, ಕಬ್ಬಿಣ, ಉಕ್ಕು ನೀಲಿ, ನಡುವಿನವು ಹಸಿರು. ಬೆಲ್ಲ, ಪುಸ್ತಕ, ಸಾಬೂನು, ಸ್ಫೋಟಕ ಎಲ್ಲವೂ ಕಿತ್ತಳೆಯೇ! ಆದ್ದರಿಂದ ಬಣ್ಣವೊಂದನ್ನೇ ನಂಬುವಂತಿಲ್ಲ. ಆಕಾರ, ದಪ್ಪ, ಪಕ್ಕದಲ್ಲಿ ತಂತಿಯೋ ಬ್ಯಾಟರಿಯೋ ಇದೆಯೇ ಎಂಬುದನ್ನೆಲ್ಲ ಒಟ್ಟಿಗೆ ನೋಡಬೇಕು. ಅನುಮಾನ ಉಳಿದರೆ ಚೀಲವನ್ನು ತೆರೆಸಲೇಬೇಕು.

ಅಂದ ಹಾಗೆ, ನಾಗಮಂಗಲ, ಕೆ.ಆರ್. ಪೇಟೆಯ ತೆಂಗು ಬೆಳೆಗಾರರಿಗೆ ಅಚ್ಚರಿಯಾಗಬಹುದಾದ ಮಾತೊಂದಿದೆ. ವಿಮಾನದಲ್ಲಿ ಒಯ್ಯುವ ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಒಣಕೊಬ್ಬರಿಯೂ ಸೇರಿದೆ. ಅದರ ಎಣ್ಣೆಯ ಅಂಶ ಗಾಳಿಯೊಡನೆ ವರ್ತಿಸಿ ತಾನೇ ಬಿಸಿಯಾಗಬಲ್ಲದು ಎಂಬುದು ಕಾರಣ.

ಇಷ್ಟೆಲ್ಲ ನೋಡಿದರೂ ಹೆಚ್ಚಿನ ದಿನ ಏನೂ ಸಿಗುವುದಿಲ್ಲ. ಈ ಕೆಲಸದ ನಿಜವಾದ ಕಷ್ಟ ಅದೇ. ಏನೂ ಇಲ್ಲದ ಸಾವಿರ ಚೀಲ ನೋಡಿದ ಕಣ್ಣು ಮುಂದಿನದನ್ನೂ ಹಾಗೆಯೇ ನೋಡಿಬಿಡುತ್ತದೆ. ಅದಕ್ಕೆಂದೇ ಪರದೆಯ ಮುಂದಿನವರನ್ನು ಸುಮಾರು 20 ನಿಮಿಷಕ್ಕೊಮ್ಮೆ ಬದಲಿಸುವ ಪದ್ಧತಿ ಇದೆ. ಕೆಲವು ಯಂತ್ರಗಳು ನಡುನಡುವೆ ಪಿಸ್ತೂಲೋ ಚಾಕುವೋ ಇರುವ ಸುಳ್ಳು ಚಿತ್ರವನ್ನು ತಾವೇ ತೂರಿಸಿ, ನೋಡುವವರು ಗುರುತಿಸಿದರೇ ಎಂದು ಪರೀಕ್ಷಿಸುತ್ತವೆ.

ಗಮನ ತಪ್ಪಿದರೆ ಏನಾಗಬಹುದು? 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಆಕಾಶದಲ್ಲೇ ಸ್ಫೋಟಗೊಂಡು 329 ಜನ ಸತ್ತರು. ಬಾಂಬಿದ್ದ ಪೆಟ್ಟಿಗೆ ಸಾಮಾನಿನೊಡನೆ ಏರಿತ್ತು. ಅದರ ಯಜಮಾನ ಪ್ರಯಾಣವನ್ನೇ ಮಾಡಿರಲಿಲ್ಲ. ಅದಾದ ಮೇಲೆ 1987ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದ ಪ್ರಕರಣದ ನಂತರ, 2000ದಿಂದ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ವಿಮಾನ ನಿಲ್ದಾಣಗಳಿಗೆ ಬಂತು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಮಂಗಳೂರನ್ನು ನೋಡಬೇಕು. 2020ರ ಜನವರಿ 20ರಂದು ಅಲ್ಲಿನ ನಿಲ್ದಾಣದ ಟಿಕೆಟ್ ಕೌಂಟರ್ ಬಳಿ ವಾರಸುದಾರರಿಲ್ಲದ ಚೀಲವೊಂದು ಈ ಪಡೆಯವರ ಕಣ್ಣಿಗೆ ಬಿತ್ತು. ಒಳಗಿದ್ದದ್ದು ಬಾಂಬು. ಜನರನ್ನು ದೂರವಿರಿಸಿ, ಚೀಲವನ್ನು ವಿಶೇಷ ವಾಹನದಲ್ಲಿ ಕೆಂಜಾರಿನ ಬಯಲಿಗೆ ಒಯ್ದು ಸ್ಫೋಟಿಸಲಾಯಿತು. ಯಾರಿಗೂ ಗಾಯವಾಗಲಿಲ್ಲ. ಎರಡು ದಿನಗಳ ಬಳಿಕ ಬೆಂಗಳೂರಿನಲ್ಲಿ ಶರಣಾದ ಎಂಜಿನಿಯರಿಂಗ್ ಪದವೀಧರನಿಗೆ 2022ರಲ್ಲಿ 20 ವರ್ಷ ಶಿಕ್ಷೆಯಾಯಿತು. ಯಂತ್ರಕ್ಕಿಂತ ಮೊದಲು ಅಲ್ಲಿ ಕೆಲಸ ಮಾಡಿದ್ದು ಈ ಚೀಲ ಯಾರದು ಎಂಬ ಪ್ರಶ್ನೆ.

ಇಂಥ ಕಡೆ ಕಲಿಯಲು ಹೋದ ವಿದ್ಯಾರ್ಥಿ ಮೊದಲು ತಾನೇ ತಪಾಸಣೆಗೆ ಒಳಗಾಗಬೇಕು. ಹಿನ್ನೆಲೆ ಪರಿಶೀಲನೆ ಮುಗಿದು ಪ್ರವೇಶ ಪಾಸು ಸಿಗದೆ ಒಳಗೆ ಕಾಲಿಡುವಂತಿಲ್ಲ. ಪರದೆಯ ಮುಂದೆ ಕೂರುವುದು ತರಬೇತಿ ಪಡೆದು ಬ್ಯೂರೋದ ಪರೀಕ್ಷೆ ಪಾಸಾದವರು ಮಾತ್ರ. ಹಾಗಾಗಿ ಹೊಸಬರ ಪಾಲಿಗೆ ಬರುವುದು ನಿಂತು ನೋಡುವುದು, ಕೇಳುವುದು, ಬರೆದುಕೊಳ್ಳುವುದು. ಮೊದಲ ಬಾರಿಗೆ ವಿಮಾನ ಹತ್ತುವ ಹಳ್ಳಿಯವರಿಗೆ ಗದರದೆ, ಕನ್ನಡದಲ್ಲಿ ತಿಳಿಹೇಳುವುದೂ ಇಲ್ಲಿ ಕಲಿಯಬೇಕಾದ ವಿದ್ಯೆ. ಮಂಡ್ಯದ ಕಡೆಯ ಮಕ್ಕಳು ಇದರಲ್ಲಿ ಯಾರಿಗೂ ಕಡಿಮೆಯಿಲ್ಲ.

ಪಾಲಕರು ಎಚ್ಚರವಾಗಿರಬೇಕಾದ ಸಂಗತಿಯೊಂದಿದೆ. ವಿಮಾನ ನಿಲ್ದಾಣದಲ್ಲಿ ಕೆಲಸ ಖಾತ್ರಿ, ಡಿಪಾಸಿಟ್ ಕಟ್ಟಿ ಎಂದು ಬರುವ ಕರೆ, ಪತ್ರಗಳಿಗೆ ಕಾಸು ಬಿಚ್ಚಬಾರದು. ನೇಮಕಾತಿಗೆ ಹಣ ಪಡೆಯುವುದಿಲ್ಲ ಎಂದು ವಿಮಾನ ನಿಲ್ದಾಣ ಪ್ರಾಧಿಕಾರ, ವಿಮಾನ ಸಂಸ್ಥೆಗಳು ಮತ್ತೆ ಮತ್ತೆ ಪ್ರಕಟಿಸಿವೆ. ಕಬ್ಬಿನ ಬಿಲ್ಲಿನ ಹಣ ಹೀಗೆ ಹೋಗುವುದು ಬೇಡ.

ಸರ್ಕಾರಿ ದಾರಿ ನೇರವಾಗಿದೆ. ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕಾನ್‌ಸ್ಟೆಬಲ್ ಹುದ್ದೆಗೆ ಹತ್ತನೇ ತರಗತಿ ಪಾಸಾದವರು, ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಪದವೀಧರರು ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆ ಬರೆಯಬೇಕು. ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಸಾಮಾನ್ಯವಾಗಿ ಹುಡುಗರಿಗೆ 170 ಸೆಂ.ಮೀ., ಹುಡುಗಿಯರಿಗೆ 157 ಸೆಂ.ಮೀ. ಎತ್ತರ ಬೇಕು. ಹುಡುಗರು 5 ಕಿ.ಮೀ. ದೂರವನ್ನು 24 ನಿಮಿಷದಲ್ಲಿ, ಹುಡುಗಿಯರು 1.6 ಕಿ.ಮೀ. ದೂರವನ್ನು ಎಂಟೂವರೆ ನಿಮಿಷದಲ್ಲಿ ಓಡಬೇಕು. ಅಭ್ಯಾಸಕ್ಕೆ ವಿ.ಸಿ. ನಾಲೆಯ ಏರಿ ಹತ್ತಿರದಲ್ಲೇ ಇದೆ.